ನೆರಳಿಗೆ ಸಲ್ಲದ ಹೆಸರು

ದಖನ್ನಿನ ಮುಸ್ಲಿಂ ಮನೆಗಳ ಆಚಾರಗಳನ್ನು ಜಾಫರ್ ಶರೀಫ್ ಬರೆದಿಟ್ಟರು, ಹರ್ಕ್ಲಾಟ್ಸ್ ಎಂಬ ಸರ್ಜನ್ ಇಂಗ್ಲಿಷಿಗೆ ತಂದರು. ಆ ‘ಕಾನೂನ್-ಎ-ಇಸ್ಲಾಂ’ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಚಿಕ್ಸಾದ ಮಾತು ಬರುತ್ತದೆ. ಚಿಕ್ಸಾ ಅಂದರೆ ಪರಿಮಳದ ವಸ್ತುಗಳನ್ನು ಕುಟ್ಟಿ ಮೈಗೆ ಹಚ್ಚಲು ಮಾಡಿಟ್ಟುಕೊಳ್ಳುವ ಪುಡಿ. ಹೈದರಾಬಾದಿನ ಹಳೇ ಊರಿನಲ್ಲಿ ಇವತ್ತಿಗೂ ಅದಕ್ಕೆ ಅದೇ ಹೆಸರು. ಮದುವೆಗೆ ಮುಂಚೆ ಹುಡುಗಿಯನ್ನು ‘ಮಾಂಝೆ’ ಕೂರಿಸಿ, ಹಳದಿ ಬಟ್ಟೆ ಉಡಿಸಿ, ಅರಿಷಿಣ ಬೆರೆಸಿದ ಚಿಕ್ಸಾ ಹಚ್ಚುತ್ತಾರೆ. ಆ ದಿನಗಳಲ್ಲಿ ಅವಳು ಹೊಸಲು ದಾಟುವಂತಿಲ್ಲ.

ನಮ್ಮದು ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನ ಕಾಚಿಗುಡದಲ್ಲಿ ನೆಲೆಸಿದ ಮನೆ. ನಮ್ಮಲ್ಲೂ ಅರಿಷಿಣ ಹಚ್ಚಿ ಸುರಗಿ ನೀರು ಹಾಕುತ್ತಿದ್ದರು. ಪಕ್ಕದ ತೆಲುಗು ಮನೆಯಲ್ಲಿ ನಲುಗು ಪಿಂಡಿ ಎಂಬ ಪುಡಿ. ನಾನು ಚರ್ಮರೋಗ ಓದಿ ಇದೇ ಊರಿನಲ್ಲಿ ವೈದ್ಯೆಯಾದೆ. ಕೆನ್ನೆಯ ಮೇಲೆ, ಹಣೆಯಲ್ಲಿ, ಮೇಲ್ದುಟಿಯ ಮೇಲೆ ಕಂದು ಬಣ್ಣದ ಬಂಗು ಹೊತ್ತು ಬಂದ ಹೆಂಗಸರನ್ನೇ ನನ್ನ ವೃತ್ತಿಯಲ್ಲಿ ಹೆಚ್ಚಾಗಿ ಕಂಡಿದ್ದೇನೆ. ಈ ಪುಡಿಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಪುಡಿಗೆ ಬಂದ ಹೆಸರಿನಲ್ಲಿ ದೊಡ್ಡ ಪಾಲು ನೆರಳಿಗೆ ಸಲ್ಲಬೇಕಾದದ್ದು.

ಬಂಗು ತಿಕ್ಕಿದರೆ ಹೋಗುವ ಕೊಳೆಯಲ್ಲ. ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳು ಮಿತಿಮೀರಿ ಕೆಲಸ ಮಾಡುತ್ತವೆ, ಆ ಬಣ್ಣ ಕೆಲವರಲ್ಲಿ ಒಳಪದರಕ್ಕೂ ಇಳಿಯುತ್ತದೆ. ಮನೆತನದಿಂದ ಬರುವ ಒಲವು, ಬಸಿರು, ಗರ್ಭನಿರೋಧಕ ಗುಳಿಗೆ ಇವೆಲ್ಲ ನೆಲ ಹದ ಮಾಡುತ್ತವೆ, ಬಿಸಿಲು ಅದನ್ನು ಎಬ್ಬಿಸುತ್ತದೆ. ಮಾಂಝೆಯ ಕೆಲವೇ ದಿನಗಳಲ್ಲಿ ಅದು ಮಾಸುವುದಿಲ್ಲ, ತಿಂಗಳುಗಳು ಬೇಕು. ಆದರೆ ಬಾಣಂತಿಯನ್ನು ನೆನೆಯಿರಿ. ಬಸುರಿನಲ್ಲಿ ಎದ್ದ ಬಂಗು ಹೆರಿಗೆಯ ನಂತರ ಎಷ್ಟೋ ಜನರಲ್ಲಿ ತಾನಾಗಿ ತಿಳಿಯಾಗುತ್ತದೆ. ಅದೇ ಹೊತ್ತಿಗೆ ನಮ್ಮ ಮನೆಗಳಲ್ಲಿ ತಲೆಗೆ ಬಟ್ಟೆ ಕಟ್ಟಿ, ಕತ್ತಲ ಕೋಣೆಯಲ್ಲಿ ಕೂರಿಸಿ, ಎಣ್ಣೆ ಅರಿಷಿಣ ಹಚ್ಚುತ್ತಿದ್ದರು. ಮುಖ ತಿಳಿಯಾದದ್ದನ್ನು ಕಂಡ ಅಜ್ಜಿಯರು ಅರಿಷಿಣವನ್ನು ಹೊಗಳಿದರು, ಕತ್ತಲ ಕೋಣೆಯನ್ನು ಯಾರೂ ಹೊಗಳಲಿಲ್ಲ.

ಪುಡಿಗಳೆಲ್ಲ ಸಾಧುವೂ ಅಲ್ಲ. ನಲುಗು ಪಿಂಡಿಗೆ ಬೀಳುವ ಬಾವಂಚಿ ಬೀಜದಲ್ಲಿ ಚರ್ಮವನ್ನು ಬಿಸಿಲಿಗೆ ಬೇಗ ಕಪ್ಪಾಗಿಸುವ ಗುಣವಿದೆ. ಅದೇ ಗುಣಕ್ಕಾಗಿ ಯುನಾನಿ ಹಕೀಮರು ಅದನ್ನು ತೊನ್ನಿಗೆ ಕೊಟ್ಟರು. ಇದೇ ಊರಿನ ಎರ್ರಗಡ್ಡದ ಕೇಂದ್ರೀಯ ಯುನಾನಿ ಸಂಶೋಧನಾ ಸಂಸ್ಥೆ ಹೆಸರಾದದ್ದೇ ತೊನ್ನಿನ ಚಿಕಿತ್ಸೆಗೆ. 2019ರಲ್ಲಿ ಅದು ಚರ್ಮರೋಗಗಳ ರಾಷ್ಟ್ರೀಯ ಯುನಾನಿ ಸಂಶೋಧನಾ ಸಂಸ್ಥೆಯಾಯಿತು. ಹಕೀಮರ ಭಾಷೆಯಲ್ಲಿ ಬಂಗು ‘ಕಲಫ್’, ಸೌದಾ ಎಂಬ ಕಪ್ಪು ಪಿತ್ತದ ಕೆಡುಕು. ನಮ್ಮ ಸುಶ್ರುತ ಸಂಹಿತೆಯಲ್ಲಿ ಅದು ‘ವ್ಯಂಗ’, ಸಿಟ್ಟು ಮತ್ತು ದಣಿವಿನಿಂದ ಕೆರಳಿದ ವಾತಪಿತ್ತದ ಫಲ. ಎರಡೂ ಕಾರಣವನ್ನು ದೇಹದ ಒಳಗೆ ಹುಡುಕಿದವು. ಆ ಹುಡುಕಾಟವನ್ನು ನಾನು ಗೌರವಿಸುತ್ತೇನೆ.

ಒಳಗೆ ಹುಡುಕಲೇಬೇಕಾದ ಕಪ್ಪೊಂದು ಈ ಊರಿನ ಚರಿತ್ರೆಯಲ್ಲಿದೆ, ಅದು ಜೋಳದ ರೊಟ್ಟಿಯ ನಮ್ಮ ಸೀಮೆಗೂ ಸೇರಿದ್ದು. 1958ರಲ್ಲಿ ಕೂನೂರಿನಿಂದ ಹೈದರಾಬಾದಿನ ತಾರ್ನಾಕಾಕ್ಕೆ ಬಂದ ಪೌಷ್ಟಿಕತೆಯ ಪ್ರಯೋಗಾಲಯವೇ 1969ರಲ್ಲಿ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಯಿತು. ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ದಖನ್ನಿನ ಬಡ ಜೋಳದೂಟದವರಲ್ಲಿ ಪೆಲ್ಲಾಗ್ರಾ ಕಂಡರು. ಮುಖ, ಕುತ್ತಿಗೆ, ಮುಂಗೈ, ಹೀಗೆ ಬಿಸಿಲು ತಾಗುವಲ್ಲೆಲ್ಲ ಎರಡೂ ಕಡೆ ಒಂದೇ ಸಮ ಕಪ್ಪಾಗಿ ಸುಲಿಯುವ ಚರ್ಮ, ಉರಿಯುವ ನಾಲಿಗೆ, ಭೇದಿ, ಕೊನೆಗೆ ಬುದ್ಧಿಯ ಕಲಕು. ಸ್ಪೇನಿನ ಕಸಾಲ್ 1735ರಲ್ಲೇ ಮೆಕ್ಕೆಜೋಳ ತಿನ್ನುವ ರೈತರಲ್ಲಿ ಇದನ್ನು ಗುರುತಿಸಿದ್ದ. ಜೋಳ ತಿನ್ನುವವರಿಗೆ ಯಾಕೆ ಬರಬೇಕು ಎಂಬ ಪ್ರಶ್ನೆಗೆ ಇವರಿಬ್ಬರು 1960ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಉತ್ತರ ಕೊಟ್ಟರು: ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಂಶ ದೇಹದ ನಿಯಾಸಿನ್ ಎಂಬ ಜೀವಸತ್ವಕ್ಕೆ ಅಡ್ಡಬರುತ್ತದೆ. ಆ ವಾದದ ಮೇಲೆ ಮುಂದೆ ಬಹಳ ಚರ್ಚೆ ನಡೆಯಿತು. ಆದರೆ ಮದ್ದು ನಿಯಾಸಿನ್, ಅದರಲ್ಲಿ ತಕರಾರಿಲ್ಲ. ಜೋಳದ ದೋಷವೆಂದು ಯಾರೂ ತಿಳಿಯಬಾರದು. ಬೇಳೆ, ಹಾಲು, ಸೊಪ್ಪು ಕಾಣದ ತಟ್ಟೆಯಲ್ಲಿ ಬರೀ ರೊಟ್ಟಿ ಇದ್ದದ್ದೇ ದೋಷ. ಅಂಥ ಮುಖಕ್ಕೆ ಬಂಗಿನ ಲೇಪ ಹಚ್ಚಿ ಕೂತವರು ಹೊತ್ತು ಕಳೆದು ಜೀವಕ್ಕೇ ಸಂಚಕಾರ ತಂದುಕೊಳ್ಳುತ್ತಿದ್ದರು. ಕಪ್ಪಿನ ಜೊತೆಗೆ ನಾಲಿಗೆಯನ್ನೂ ಮುಂಗೈಯನ್ನೂ ನೋಡಬೇಕೆಂದು ಕಿರಿಯ ವೈದ್ಯರಿಗೆ ಈಗಲೂ ಹೇಳುತ್ತೇನೆ.

ಬಂಗಿನ ಚರಿತ್ರೆಯಲ್ಲಿ 1975 ವಿಚಿತ್ರ ವರ್ಷ. ಅಮೆರಿಕದಲ್ಲಿ ಕ್ಲಿಗ್ಮನ್ ಮತ್ತು ವಿಲ್ಲಿಸ್ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರನ್ನೂ ಬೆರೆಸಿ ಚರ್ಮದ ಬಣ್ಣ ತಿಳಿಯಾಗಿಸುವ ಸೂತ್ರ ಪ್ರಕಟಿಸಿದರು; ಅದೇ ವರ್ಷ ಭಾರತದ ಪೇಟೆಗೆ ಫೇರ್ ಅಂಡ್ ಲವ್ಲಿ ಬಂತು. ಮೊದಲನೆಯದು ವೈದ್ಯರ ಕಣ್ಣಳತೆಯಲ್ಲಿ ಕೆಲವು ವಾರ ಬಳಸಬೇಕಾದ ಔಷಧ. ಎರಡನೆಯದು ಬೆಳ್ಳಗಾಗುವ ಆಸೆಯನ್ನು ಮನೆಮನೆಗೆ ಮುಟ್ಟಿಸಿತು. ಆ ಆಸೆ ಹೊತ್ತವರ ಕೈಗೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಕ್ಕಿದ್ದು ಮಾತ್ರ ಔಷಧದ ಟ್ಯೂಬು. ನನ್ನ ಮೇಜಿನ ಮುಂದೆ ಕೂತು ಬೀದರ್ ಕಡೆಯ ಹೆಣ್ಣುಮಗಳೊಬ್ಬಳು ಹೇಳಿದ್ದಳು: “ಹಚ್ಚಿದ್ರ ಛಲೋ ಇರ್ತದ್ರಿ ಡಾಕ್ಟರಮ್ಮ, ಬಿಟ್ರ ಮಾರಿ ಉರೀತದ.” ಚರ್ಮ ತೆಳುವಾಗಿ, ಕೆಂಪು ನರ ಕಂಡು, ಕೂದಲು ಮೊಳೆತು, ಬಂಗು ಮೊದಲಿಗಿಂತ ಗಾಢವಾಗಿ ಮರಳಿತ್ತು. ಇಂಥ ಮುಖಗಳಿಗೆ ನಮ್ಮ ದೇಶದ ಚರ್ಮವೈದ್ಯರು ಸ್ಟೀರಾಯ್ಡಿನಿಂದ ಕೆಟ್ಟ ಮುಖ ಎಂದೇ ರೋಗನಾಮ ಕೊಟ್ಟರು. ಅವರ ಒತ್ತಾಯದ ಫಲವಾಗಿ 2018ರಲ್ಲಿ ಕೇಂದ್ರ ಸರಕಾರ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಮಾರುವ ಪಟ್ಟಿಗೆ ಸೇರಿಸಿತು. ಅಂಗಡಿಗಳು ಆ ಮಾತು ನಡೆಸಿಕೊಡಲಿ ಎಂದು ನಾನು ಇಂದಿಗೂ ಕಾಯುತ್ತಿದ್ದೇನೆ.

ಬಂಗು ಪೂರ್ತಿ ವಾಸಿಯಾಗುವ ರೋಗ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಹಿಡಿತದಲ್ಲಿಡಬಹುದು. ಔಷಧಗಳಿವೆ. ರಕ್ತಸ್ರಾವ ತಡೆಯಲು ಬಳಸುತ್ತಿದ್ದ ಟ್ರಾನೆಕ್ಸಾಮಿಕ್ ಆಮ್ಲ ಬಂಗನ್ನೂ ತಿಳಿಯಾಗಿಸುತ್ತದೆ ಎಂದು ಜಪಾನಿನಲ್ಲಿ 1979ರಲ್ಲೇ ವರದಿಯಾಗಿತ್ತು; ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದನ್ನು ಕೊಡಬಾರದು. ಆದರೆ ಬಿಸಿಲು ತಡೆಯದವರಿಗೆ ಯಾವ ಔಷಧವೂ ನಿಲ್ಲುವುದಿಲ್ಲ. ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಅದಕ್ಕೇ ಕಬ್ಬಿಣದ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ಬರೆಯುತ್ತೇನೆ, ಹೊರಗೆ ದುಡಿಯುವವರು ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದನ್ನು ಕೊಳ್ಳಲಾಗದವರಿಗೆ ಛತ್ರಿ ಮತ್ತು ದಪ್ಪ ಸೆರಗು. ಹೈದರಾಬಾದಿನ ಹುಡುಗಿಯರು ಸ್ಕೂಟಿ ಹತ್ತುವ ಮುನ್ನ ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಚುನ್ನಿ ಸುತ್ತಿಕೊಳ್ಳುತ್ತಾರಲ್ಲ, ಆ ರೂಢಿಯನ್ನು ಯಾವ ವೈದ್ಯರೂ ಕಲಿಸಲಿಲ್ಲ. ತೆಳು ಚುನ್ನಿಯ ಬದಲು ಒತ್ತು ನೇಯ್ಗೆಯ, ಗಾಢ ಬಣ್ಣದ ಹತ್ತಿ ಬಟ್ಟೆ ಸುತ್ತಿಕೊಳ್ಳಿ ಎಂದಷ್ಟೇ ನಾನು ಅವರಿಗೆ ಹೇಳುವುದು.