ಪುತ್ತೂರಿನ ‘ಬಾಲ ಪ್ರಪಂಚ’ ಎಲ್ಲಿ ಹೋಯ್ತು?

ಇವತ್ತು ಮಕ್ಕಳಿಗಾಗಿ ಬರೆದು ಮರೆತುಹೋದವರ ಬಗ್ಗೆ ಮಾತಾಡೋಣ. ತಮಾಷೆ ಏನು ಗೊತ್ತಾ? ಇವರ ಹೆಸರು ನಿಮಗೆಲ್ಲ ಗೊತ್ತು. ನಾವು ಮರೆತದ್ದು ಅವರು ಮಕ್ಕಳ ಕೈಗಿಟ್ಟ ಪುಸ್ತಕಗಳನ್ನ.

ಮೊದಲು ಪುತ್ತೂರಿಗೆ ಹೋಗೋಣ. ಶಿವರಾಮ ಕಾರಂತರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ. ಆದ್ರೆ ದಶಕಗಳ ಕಾಲ ಬದುಕಿದ್ದು ಪುತ್ತೂರಿನ ಪರ್ಲಡ್ಕದಲ್ಲಿ. ಆ ಜಾಗದ ಹೆಸರೇ ‘ಬಾಲವನ’. ಕಾರಂತ ಅಂದ ಕೂಡಲೇ ನಾವು ‘ಚೋಮನ ದುಡಿ’ ಅಂತೀವಿ, ಯಕ್ಷಗಾನ ಅಂತೀವಿ, 1977ರ ಜ್ಞಾನಪೀಠ ಅಂತೀವಿ. ಅದೇ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದಿದ್ರು.

ಇದು ನಿಧಿ ಹುಡುಕೋ ಹುಡುಗರ ಕಥೆಯಲ್ಲ, ವಿಶ್ವಕೋಶ. ಆದ್ರೂ ನಾನು ಇದನ್ನ ಸಾಹಸ ಅಂತಲೇ ಕರೀತೀನಿ. ಇಂಗ್ಲೆಂಡಿನಲ್ಲಿ ಆರ್ಥರ್ ಮೀ 1908ರಿಂದ ಮಕ್ಕಳ ವಿಶ್ವಕೋಶ ತಂದಾಗ ಬರೆಯೋಕೆ ಒಂದು ತಂಡವೇ ಇತ್ತು. ಪುತ್ತೂರಲ್ಲಿ ಇದ್ದದ್ದು ಒಬ್ಬರೇ ಕಾರಂತರು. ಇಂಗ್ಲಿಷ್ ಬಾರದ ಮಗುವಿಗೂ ಇಡೀ ಜಗತ್ತು ಕನ್ನಡದಲ್ಲೇ ಸಿಗಬೇಕು ಅನ್ನೋ ಹಟ ಅದು.

ಪುತ್ತೂರಿಂದ ಸುಬ್ರಹ್ಮಣ್ಯದ ಕಡೆ ಹೊರಟ್ರೆ ಕುಳಕುಂದ ಸಿಗುತ್ತೆ. ಈಗ ಅದು ಕಡಬ ತಾಲೂಕು. ನಿರಂಜನರು 1924ರಲ್ಲಿ ಹುಟ್ಟಿದ ಊರು. ಸುಳ್ಯದಿಂದ ಎದ್ದ 1837ರ ರೈತ ಬಂಡಾಯವನ್ನ ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ತಂದವರು ಇವರೇ. ಇವರ ಸಂಪಾದಕತ್ವದಲ್ಲೇ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು.

ಒಂದೇ ಸೀಮೆಯ ಇಬ್ಬರಿಂದ ಮಕ್ಕಳಿಗೆ ಹತ್ತು ಸಂಪುಟ! ಇವತ್ತು ಅವು ನಮ್ಮ ವಯಸ್ಸಿನ ಎಷ್ಟು ಜನರ ಕಣ್ಣಿಗೆ ಬಿದ್ದಿವೆ?

ಉತ್ತರದ ಒಂದು ಎಳೆ ನಿರಂಜನರ ಮನೆಯಲ್ಲೇ ಇದೆ. ಅವರ ಪತ್ನಿ, ವೈದ್ಯೆ ಅನುಪಮಾ ನಿರಂಜನ ಅವರು ತಿಂಗಳಿಗೊಂದು ಸಂಪುಟದಂತೆ ‘ದಿನಕ್ಕೊಂದು ಕಥೆ’ ಬರೆದ್ರು, 12 ಸಂಪುಟ. ಅದು ಮತ್ತೆ ಮತ್ತೆ ಅಚ್ಚಾಯ್ತು. ಕಥೆಗೆ ವಯಸ್ಸಾಗಲ್ಲ, ಮಾಹಿತಿಗೆ ಆಗುತ್ತೆ. ‘ಬಾಲ ಪ್ರಪಂಚ’ ಬಂದಾಗ ಎವರೆಸ್ಟ್ ಶಿಖರವನ್ನ ಯಾರೂ ಏರಿರಲಿಲ್ಲ, ಅದು ಆದದ್ದು 1953ರಲ್ಲಿ. ಮನುಷ್ಯ ಚಂದ್ರನ ಮೇಲೆ ಇಳಿದದ್ದು 1969ರಲ್ಲಿ. ವಿಶ್ವಕೋಶ ಬದುಕಬೇಕಾದ್ರೆ ಆಗಾಗ ತಿದ್ದಿ ಬರೆಯೋರು ಬೇಕು, ಖರ್ಚು ಹಾಕೋರೂ ಬೇಕು. ಜೊತೆಗೆ ಮಕ್ಕಳ ಪುಸ್ತಕ ಮಕ್ಕಳ ಕೈಯಲ್ಲೇ ಹರಿದುಹೋಗುತ್ತೆ. ವಿಮರ್ಶಕರೂ ಕಾದಂಬರಿಯ ಬಗ್ಗೆ ಬರೆದಷ್ಟು ಇವುಗಳ ಬಗ್ಗೆ ಬರೆಯಲ್ಲ.

ಮಾಹಿತಿ ಹಳತಾದ್ರೆ ಏನು ನಷ್ಟ, ಗೂಗಲ್ ಇದೆಯಲ್ಲ ಅಂತ ಕೇಳಬಹುದು. ನನ್ನ ಪ್ರಕಾರ ನಷ್ಟ ಇರೋದು ಭಾಷೆಗೆ. ನಕ್ಷತ್ರ, ಯಂತ್ರ, ದೇಶ ದೇಶಗಳ ಸಂಗತಿಯನ್ನ ಹತ್ತು ವರ್ಷದ ಮಗುವಿಗೆ ಕನ್ನಡದಲ್ಲಿ ಹೇಗೆ ಹೇಳಬೇಕು ಅನ್ನೋದನ್ನ ಇವರು ಒಂದೊಂದೇ ವಾಕ್ಯ ಕಟ್ಟಿ ತೋರಿಸಿದ್ರು. ಇವತ್ತು ಕನ್ನಡದಲ್ಲಿ ವಿಜ್ಞಾನದ ವಿಡಿಯೋ ಮಾಡೋರು ಪದ ಸಿಗದೆ ಒದ್ದಾಡ್ತಾರೆ. ಅವರಿಗೆ ಬೇಕಾದ ಹಳೇ ಪಾಠ ಆ ಪುಟಗಳಲ್ಲಿದೆ.

ದಾರಿಯೂ ಇದೆ. ನಿರಂಜನರ ಅನೇಕ ಕೃತಿಗಳನ್ನ ಅವರ ಕುಟುಂಬ 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಹಕ್ಕುಸ್ವಾಮ್ಯ ಲೇಖಕರ ನಂತರ 60 ವರ್ಷ, ಅಂದ್ರೆ 2057ರ ಕೊನೆವರೆಗೆ. ಅಷ್ಟು ದಿನ ಗೆದ್ದಲು ಕಾಯಲ್ಲ, ನಮ್ಮೂರ ಮಳೆಗಾಲವೂ ಕಾಯಲ್ಲ.

ಪುತ್ತೂರು, ಸುಳ್ಯ, ಕಡಬದ ಕಡೆಯವರೇ, ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ, ಹಳೇ ಶಾಲೆಯ ಕಪಾಟು ತೆಗೆಸಿ ನೋಡಿ. ಒಂದು ಸಂಪುಟ ಸಿಕ್ಕಿದ್ರೂ ದಯವಿಟ್ಟು ಗುಜರಿಗೆ ಹಾಕ್ಬೇಡಿ. ಮೊದಲು ಒಂದು ಪುಟ ಓದಿ, ಆಮೇಲೆ ಜೋಪಾನವಾಗಿಡೋ ಲೈಬ್ರರಿಗೆ ಕೊಡಿ.