ಅರೋವಾನ ಮರಿ ಕೊಳ್ಳುವ ಮುನ್ನ ಅದರ ಚರಿತ್ರೆ ಒಮ್ಮೆ ಓದಿ

ತಾಲ್ಲೂಕು ಕೇಂದ್ರಗಳ ಅಕ್ವೇರಿಯಂ ಅಂಗಡಿಗಳಲ್ಲಿ ಈಗ ಗೋಲ್ಡ್ ಫಿಶ್ ಪಕ್ಕದಲ್ಲೇ ಅರೋವಾನ ಮರಿಯೂ ಸಿಗುತ್ತದೆ. ಬೆರಳುದ್ದದ ಬೆಳ್ಳಿ ಬಣ್ಣದ ಮೀನು, ಕೆಳದವಡೆಯ ತುದಿಯಲ್ಲಿ ಎರಡು ಮೀಸೆ. 'ವಾಸ್ತು ಮೀನು ಸಾರ್, ಮನೆಗೆ ಲಕ್ಷ್ಮಿ ಬರ್ತಾಳೆ' ಎಂದು ಅಂಗಡಿಯವರು ಹೇಳುತ್ತಾರೆ. ಹೊಸ ಮನೆ ಕಟ್ಟಿದವರು, ಹೊಸದಾಗಿ ವ್ಯಾಪಾರ ಶುರು ಮಾಡಿದವರು ಕೊಂಡುಹೋಗುತ್ತಾರೆ.

ಈ ಮೀನಿಗೆ ಅದೃಷ್ಟದ ಹೆಸರು ಅಂಟಿ ಹೆಚ್ಚು ಕಾಲವಾಗಿಲ್ಲ. ಅದು ಹೇಗೆ ಅಂಟಿತು ಅಂತ ಗೊತ್ತಾದರೆ ದುಡ್ಡು ಕೊಡುವ ಮುನ್ನ ಏನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಊಟದ ಮೀನಾಗಿದ್ದ ಕಾಲ

ಅದೃಷ್ಟದ ಕಥೆಯೆಲ್ಲ ಶುರುವಾದದ್ದು ಏಷ್ಯಾದ ಅರೋವಾನದಿಂದ. ಇದರ ಊರು ಇಂಡೋನೇಷ್ಯಾದ ಸುಮಾತ್ರ ಮತ್ತು ಬೋರ್ನಿಯೊ, ಮಲೇಷ್ಯಾ, ಥಾಯ್ಲೆಂಡ್, ಕಾಂಬೋಡಿಯಾ ಕಡೆಯ ಕಾಡುಹೊಳೆಗಳು. 1840ರ ಸುಮಾರಿಗೆ ಇದನ್ನು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದವರು ಇಟ್ಟ ಲ್ಯಾಟಿನ್ ಹೆಸರಿನಲ್ಲಿ 'ಚೆಂದದ್ದು' ಎಂಬ ಅರ್ಥದ 'ಫಾರ್ಮೋಸಸ್' ಎಂಬ ಪದವಿದೆ. ಮಲಯ ಭಾಷೆಯಲ್ಲಿ ಇದಕ್ಕೆ 'ಕೆಲಿಸಾ' ಎನ್ನುತ್ತಾರೆ. ಹೊಳೆದಂಡೆಯ ಜನಕ್ಕೆ ಇದು ಬರೀ ಊಟದ ಮೀನಾಗಿತ್ತು. ಅದರಲ್ಲೂ ಮುಳ್ಳು ಹೆಚ್ಚು, ರುಚಿ ಅಷ್ಟಕ್ಕಷ್ಟೆ.

ಇದರ ಬಾಳುವೆಯಲ್ಲಿ ಒಂದು ವಿಶೇಷ ಇದೆ. ಬೇರೆ ಮೀನುಗಳು ಸಾವಿರಗಟ್ಟಲೆ ಮೊಟ್ಟೆ ಇಟ್ಟರೆ ಇದು ಇಡುವುದು ಕೆಲವು ಡಜನ್ ಮಾತ್ರ. ಮೊಟ್ಟೆ ದೊಡ್ಡದು, ಗೋಲಿಯಷ್ಟು. ಗಂಡು ಮೀನು ಅವನ್ನೆಲ್ಲ ಬಾಯೊಳಗೆ ತುಂಬಿಕೊಂಡು, ಮರಿಯಾಗಿ ಈಜುವ ತನಕ ಒಂದೂವರೆ ಎರಡು ತಿಂಗಳು ಕಾಯುತ್ತದೆ. ಮುಂದೆ ಮೀನಿಗೆ ಬೆಲೆ ಬಂದಾಗ ಇದೇ ಗುಣ ಅದಕ್ಕೆ ಮುಳುವಾಯಿತು. ಅಪ್ಪನನ್ನು ಹಿಡಿದು ಬಾಯಿ ಬಿಡಿಸಿದರೆ ಮರಿಗಳೆಲ್ಲ ಒಟ್ಟಿಗೇ ಕೈಗೆ ಸಿಗುತ್ತವೆ.

ನಿಷೇಧದಿಂದ ಏರಿದ ಬೆಲೆ

ಅಳಿವಿನಂಚಿನ ಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ 'ಸೈಟಿಸ್' ಎಂಬ ಅಂತರರಾಷ್ಟ್ರೀಯ ಒಪ್ಪಂದ 1975ರಲ್ಲಿ ಜಾರಿಗೆ ಬಂತು. ಏಷ್ಯಾದ ಅರೋವಾನ ಅದರ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿತು. ಕಾಡಿನ ಮೀನನ್ನು ದೇಶದಿಂದ ದೇಶಕ್ಕೆ ಮಾರುವುದು ನಿಂತಿತು. ಕಾಗದದ ಮೇಲೆ ಮಾತ್ರ.

ಅಮೆರಿಕದ ಪತ್ರಕರ್ತೆ ಎಮಿಲಿ ವಾಯ್ಟ್ ಈ ಮೀನಿನ ಬೆನ್ನು ಹತ್ತಿ ದೇಶ ದೇಶ ತಿರುಗಿ 2016ರಲ್ಲಿ ಒಂದು ಪುಸ್ತಕ ಬರೆದರು. ಯಾರೂ ಕೇಳದ ಊಟದ ಮೀನಿಗೆ 'ಅಪರೂಪ' ಎಂಬ ಮುದ್ರೆ ಬಿದ್ದದ್ದೇ ಶ್ರೀಮಂತರ ಕಣ್ಣು ಅದರ ಮೇಲೆ ಬೀಳಲು ಕಾರಣ ಅನ್ನುವುದು ಅದರಲ್ಲಿನ ಮುಖ್ಯ ವಾದ. ಕೆಂಪು, ಬಂಗಾರದ ಬಣ್ಣ, ನಾಣ್ಯದಂಥ ದೊಡ್ಡ ಹುರುಪೆ, ಮೀಸೆ ಎಲ್ಲ ಸೇರಿ ಚೀನೀಯರ ಕಣ್ಣಿಗೆ ಅವರ ಡ್ರ್ಯಾಗನ್ ಹಾಗೇ ಕಂಡಿತು. 'ಡ್ರ್ಯಾಗನ್ ಮೀನು' ಎಂಬ ಹೆಸರು ಬಂತು. ವ್ಯಾಪಾರಿಗಳ ಗಲ್ಲಾದ ಪಕ್ಕ ಗಾಜಿನ ತೊಟ್ಟಿ ಬಂತು. ಮೀನು ಸತ್ತರೂ ನಷ್ಟವಿಲ್ಲ, ಯಜಮಾನನಿಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಎಳೆದುಕೊಂಡಿತು ಎಂಬ ನಂಬಿಕೆಯೂ ಸೇರಿಕೊಂಡಿತು. ಇದೇ ಮಾತನ್ನು ಈಗ ನಮ್ಮಲ್ಲಿ ವಾಸ್ತು ಹೆಸರಿನಲ್ಲಿ ಹೇಳುತ್ತಾರೆ. ಮೀನು ಬದುಕಿದರೂ ಅದೃಷ್ಟ, ಸತ್ತರೂ ಅದೃಷ್ಟ. ಎರಡರಲ್ಲೂ ಮಾರುವವನಿಗೆ ನಷ್ಟವಿಲ್ಲ.

ಆಮೇಲೆ ಸಾಕಣೆ ಕೇಂದ್ರಗಳು ಹುಟ್ಟಿಕೊಂಡವು. ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರದಲ್ಲಿ ಮಣ್ಣಿನ ಹೊಂಡಗಳಲ್ಲಿ ಮರಿ ಮಾಡಿ, ಸೈಟಿಸ್‌ನಲ್ಲಿ ನೋಂದಾಯಿಸಿ ಮಾರುವ ಪದ್ಧತಿ 1990ರ ದಶಕದಲ್ಲಿ ಬೇರೂರಿತು. ಪ್ರತಿ ಮೀನಿನ ಮೈಯೊಳಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್, ಜೊತೆಗೆ ಒಂದು ಪ್ರಮಾಣಪತ್ರ. ತೊಟ್ಟಿಯಲ್ಲಿ ಸಾಕಿದ ಅರೋವಾನದ ಕಣ್ಣು ಎಷ್ಟೋ ಸಲ ಕೆಳಕ್ಕೆ ಜೋತು ಬೀಳುತ್ತದೆ. ಅದನ್ನು ಸರಿಮಾಡಲು ಸಿಂಗಪುರದಲ್ಲಿ ಮೀನಿಗೆ ಅರಿವಳಿಕೆ ಕೊಟ್ಟು ಕಣ್ಣಿನ ಸರ್ಜರಿಯನ್ನೂ ಮಾಡುತ್ತಾರೆ. ಇಷ್ಟೆಲ್ಲ ಆದರೂ ಕಾಡುಹೊಳೆಗಳಲ್ಲಿ ಈ ಮೀನು ಇಂದಿಗೂ ಅಳಿವಿನಂಚಿನಲ್ಲೇ ಇದೆ.

ನಮ್ಮ ಅಂಗಡಿಯ ಅರೋವಾನ ಬೇರೆ

ತಾಲ್ಲೂಕಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಈ ಮೀನಲ್ಲ. ಅದು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಬೆಳ್ಳಿ ಅರೋವಾನ, ಅಂದರೆ ದೂರದ ದಾಯಾದಿ. ಗುರುತು ಹಿಡಿಯುವುದು ಸುಲಭ. ಬೆಳ್ಳಿ ಅರೋವಾನದ ಬೆನ್ನಿನ ರೆಕ್ಕೆ, ಹೊಟ್ಟೆಯಡಿಯ ರೆಕ್ಕೆ ಎರಡೂ ಉದ್ದಕ್ಕೆ ಹೋಗಿ ಚಿಕ್ಕ ಬಾಲಕ್ಕೆ ತಾಗುವಂತೆ ಇರುತ್ತವೆ. ಏಷ್ಯಾದ್ದರ ಬೆನ್ನಿನ ರೆಕ್ಕೆ ಗಿಡ್ಡ, ಬಾಲ ಬೀಸಣಿಗೆಯಂತೆ ಅಗಲ.

ಬೆಳ್ಳಿ ಅರೋವಾನ ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಅಗ್ಗ. ಆದರೆ ಇದರಲ್ಲೂ ಅಪ್ಪನೇ ಬಾಯಲ್ಲಿ ಮರಿ ಕಾಯುವುದು. ಕೊಲಂಬಿಯಾ, ಪೆರು ಕಡೆ ಹೊಳೆಯಲ್ಲಿ ಅಪ್ಪನನ್ನು ಹಿಡಿದು ಬಾಯಿಂದ ಮರಿ ಕಕ್ಕಿಸಿ ರಫ್ತು ಮಾಡುವ ದಂಧೆ ದೊಡ್ಡದಾಗಿ ನಡೆದಿದೆ. ಅಮೆಜಾನ್‌ನಲ್ಲಿ ಇದಕ್ಕೆ 'ನೀರಿನ ಕೋತಿ' ಎಂಬ ಅಡ್ಡಹೆಸರಿದೆ. ನೀರಿನಿಂದ ಮೇಲಕ್ಕೆ ಹಾರಿ ಕೊಂಬೆಯ ಮೇಲಿನ ಹುಳವನ್ನು ಕಚ್ಚಿಕೊಳ್ಳುತ್ತದೆ. ತೊಟ್ಟಿಗೆ ಭಾರದ ಮುಚ್ಚಳ ಇಲ್ಲದಿದ್ದರೆ ಬೆಳಗ್ಗೆ ಎದ್ದಾಗ ಮೀನು ನೆಲದ ಮೇಲೆ ಬಿದ್ದಿರುತ್ತದೆ.

ಮರಿ ಬೆರಳುದ್ದ, ಬೆಳೆದರೆ ಆಳುದ್ದ

ಅರೋವಾನದಿಂದ 'ದೊಡ್ಡ ಮೀನು' ಎಂಬ ಗೀಳು ಹರಡಿತು. ಹಿಂದೆಯೇ ಬೇರೆ ಮೀನುಗಳೂ ಬಂದವು. ಎಲ್ಲವನ್ನೂ ಮಾರುವುದು ಮರಿಯಾಗಿದ್ದಾಗಲೇ. ಬೆಳೆದರೆ ಎಷ್ಟಾಗುತ್ತವೆ ನೋಡಿ:

- ಆಸ್ಕರ್: ಸುಮಾರು 1 ಅಡಿ
- ಸಕ್ಕರ್, ಅಂದರೆ 'ಟ್ಯಾಂಕ್ ಕ್ಲೀನರ್': ಒಂದೂವರೆ ಅಡಿವರೆಗೆ
- ಬೆಳ್ಳಿ ಅರೋವಾನ: ಸುಮಾರು 3 ಅಡಿ
- ರೆಡ್‌ಟೇಲ್ ಕ್ಯಾಟ್‌ಫಿಶ್: 4 ಅಡಿವರೆಗೆ
- ಅಂಗಡಿಯಲ್ಲಿ 'ಶಾರ್ಕ್' ಎನ್ನುವ ಮೀನು: 4 ಅಡಿವರೆಗೆ
- ಅಲಿಗೇಟರ್ ಗಾರ್: 6 ಅಡಿ, ಅದಕ್ಕೂ ಹೆಚ್ಚು
- ಅರಾಪೈಮಾ: 6 ಅಡಿ ಮೀರುವುದು ಸಾಮಾನ್ಯ, ತೂಕ ಕ್ವಿಂಟಾಲ್ ದಾಟುತ್ತದೆ

ಈ 'ಶಾರ್ಕ್' ನಿಮಗೆ ಗೊತ್ತಿರುವ ಮೀನೇ. ಸಂತೆಯಲ್ಲಿ ಕೆ.ಜಿ. ಲೆಕ್ಕದಲ್ಲಿ ಮಾರುವ ಪಂಗಾಸಿಯಸ್ ಅದು. ಸಮುದ್ರದ ಶಾರ್ಕ್‌ಗೂ ಅದಕ್ಕೂ ಸಂಬಂಧವಿಲ್ಲ.

ತೊಟ್ಟಿ ಚಿಕ್ಕದಾದರೆ ಮೀನೂ ಚಿಕ್ಕದಾಗೇ ಉಳಿಯುತ್ತೆ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಹಾಗಾಗುವುದಿಲ್ಲ. ಇಕ್ಕಟ್ಟಿನಲ್ಲಿ, ಗಲೀಜು ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುತ್ತದೆ, ಬೆನ್ನು ಡೊಂಕಾಗುತ್ತದೆ, ಬೇಗ ಸಾಯುತ್ತದೆ. ಬೆಳೆದ ಅರೋವಾನಕ್ಕೆ ಕಡೇಪಕ್ಷ 6 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಬೇಕು. ಅದು ತುಂಬಿದರೆ ಸಾವಿರ ಲೀಟರ್, ಅಂದರೆ ಒಂದು ಟನ್ ಭಾರ. ಗಾಜಿನ ತೂಕ ಬೇರೆ. ವಾರವಾರ ಒಂದಿಷ್ಟು ನೀರು ಬದಲಿಸಬೇಕು, ಫಿಲ್ಟರ್ ಹಗಲು ರಾತ್ರಿ ಓಡಬೇಕು. ಕರೆಂಟು ಗಂಟೆಗಟ್ಟಲೆ ಹೋಗುವ ಊರಿನಲ್ಲಿ ಬ್ಯಾಟರಿ ಇಲ್ಲದೆ ಇದು ಆಗುವ ಮಾತಲ್ಲ.

ಕೊನೆಗೆ ಸೇರುವುದು ಕೆರೆಗೆ

ಸಾಕಲಾಗದ ಮೀನನ್ನು ಜನ ಏನು ಮಾಡುತ್ತಾರೆ? ಕೊಲ್ಲಲು ಮನಸ್ಸು ಬರುವುದಿಲ್ಲ. ಕೆರೆಗೋ ಬಾವಿಗೋ ಬಿಟ್ಟು ಪುಣ್ಯ ಬಂತು ಅಂದುಕೊಳ್ಳುತ್ತಾರೆ.

2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಸಾಕಣೆ ಹೊಂಡಗಳು ಒಡೆದವು. ನೆರೆ ಇಳಿದ ಮೇಲೆ ಅಮೆಜಾನ್‌ನ ಅರಾಪೈಮಾ, ಅಮೆರಿಕದ ಅಲಿಗೇಟರ್ ಗಾರ್ ಅಲ್ಲಿನ ಹೊಳೆಗಳಲ್ಲಿ ಮೀನುಗಾರರ ಬಲೆಗೆ ಬಿದ್ದವು. 2023ರ ಮೇ ತಿಂಗಳಲ್ಲಿ ಕಾಶ್ಮೀರದ ದಾಲ್ ಸರೋವರದ ಕಳೆ ತೆಗೆಯುವಾಗ ಅಲಿಗೇಟರ್ ಗಾರ್ ಸಿಕ್ಕಿತು. ಸಕ್ಕರ್ ಮೀನಂತೂ ದೇಶದ ಎಷ್ಟೋ ಕೆರೆಗಳಲ್ಲಿ ತಳವೂರಿದೆ. ಅದರ ಮೈ ತುಂಬ ಮುಳ್ಳಿನಂಥ ಗಟ್ಟಿ ಹುರುಪೆ. ಬಲೆಗೆ ಸಿಕ್ಕಿದರೆ ಬಲೆಯೇ ಹರಿಯುತ್ತದೆ, ಹಿಡಿದರೆ ಕೊಳ್ಳುವವರಿಲ್ಲ.

ಹೊರಗಿನ ಮೀನು ಒಮ್ಮೆ ಕೆರೆ ಸೇರಿದರೆ ಏನಾಗುತ್ತದೆ ಅನ್ನಲು ದೂರ ಹೋಗಬೇಕಿಲ್ಲ. ನಾವು 'ಜಿಲೇಬಿ' ಎನ್ನುವ ತಿಲಾಪಿಯಾ ಆಫ್ರಿಕಾದ ಮೀನು. 1952ರಲ್ಲಿ ಸಾಕಲೆಂದು ಭಾರತಕ್ಕೆ ತಂದದ್ದು. ಈಗ ಅದಿಲ್ಲದ ಕೆರೆ ಹುಡುಕುವುದೇ ಕಷ್ಟ. ಅದನ್ನಾದರೂ ತಿನ್ನಬಹುದು. ಗುತ್ತಿಗೆ ಹಿಡಿದು, ಸಾಲ ಮಾಡಿ ಕಾಟ್ಲಾ, ರೋಹು ಮರಿ ಬಿಟ್ಟ ಮೀನುಗಾರನ ಕೆರೆಗೆ ಒಂದು ರೆಡ್‌ಟೇಲ್ ಬಿದ್ದರೆ ಅದು ನುಂಗುವುದು ಅವನ ಮರಿಗಳನ್ನೇ.

ಕೊಳ್ಳುವ ಮುನ್ನ ಕೇಳಬೇಕಾದ್ದು

ದೊಡ್ಡ ಮೀನು ಸಾಕುವುದೇ ತಪ್ಪು ಅಂತಲ್ಲ. ಜಾಗ, ನೀರು, ದುಡ್ಡು, ಹತ್ತು ವರ್ಷದ ತಾಳ್ಮೆ ಇರುವವರು ಚೆನ್ನಾಗಿಯೇ ಸಾಕುತ್ತಾರೆ. ಅಂಗಡಿಯಲ್ಲಿ ಇಷ್ಟು ಕೇಳಿ:

1. ಇದರ ಸರಿಯಾದ ಹೆಸರೇನು? 'ವಾಸ್ತು ಮೀನು', 'ಶಾರ್ಕ್' ಎಂದರೆ ಸಾಲದು. ಹೆಸರು ಬರೆಸಿಕೊಂಡು ಫೋನಿನಲ್ಲಿ ನೀವೇ ಹುಡುಕಿ.
2. ಬೆಳೆದರೆ ಎಷ್ಟುದ್ದ? ತೊಟ್ಟಿಯ ಅಗಲ ಕಡೇಪಕ್ಷ ಆ ಉದ್ದದಷ್ಟಿರಬೇಕು, ಇಲ್ಲದಿದ್ದರೆ ಮೀನು ಹಿಂದಕ್ಕೆ ತಿರುಗಲಾರದು.
3. ಏನು ತಿನ್ನುತ್ತದೆ? ಕಣ್ಣ ಮುಂದೆ ತಿನ್ನಿಸಿ ತೋರಿಸಲು ಹೇಳಿ. ತಿನ್ನದ ಮರಿ ಬೇಡ. ಕಣ್ಣು ಮಂಕಾದದ್ದು, ಬೆನ್ನು ಡೊಂಕಾದದ್ದು, ರೆಕ್ಕೆ ಹರಿದದ್ದು ಬೇಡ.
4. ಬೆಳೆದ ಮೇಲೆ ವಾಪಸ್ ತೆಗೆದುಕೊಳ್ಳುತ್ತೀರಾ? ಉತ್ತರ ಕೇಳಿದ ಮೇಲೆ ದುಡ್ಡು ಕೊಡಿ.
5. ಏಷ್ಯಾದ ಅರೋವಾನ ಅಥವಾ ಅರಾಪೈಮಾ ಆಗಿದ್ದರೆ ಕಾಗದ ಎಲ್ಲಿ? ಎರಡೂ ಸೈಟಿಸ್ ಪಟ್ಟಿಯ ಮೀನುಗಳು. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, 2024ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಜೀವಿ ಇಟ್ಟುಕೊಂಡವರು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದವಿಲ್ಲದ ಮೀನು ಕೊಂಡರೆ ತೊಂದರೆ ಅಂಗಡಿಯವನಿಗಷ್ಟೇ ಅಲ್ಲ, ನಿಮಗೂ.

ಈಗಾಗಲೇ ಮನೆಯಲ್ಲಿ ತೊಟ್ಟಿ ಮೀರಿ ಬೆಳೆದ ಮೀನಿದ್ದರೆ ಕೊಂಡ ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಅದೂ ಆಗದಿದ್ದರೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಕೆರೆ, ಕೃಷಿ ಹೊಂಡ, ಕಾಲುವೆ, ಬಾವಿ ಯಾವುದಕ್ಕೂ ಬಿಡಬೇಡಿ.

ನಿಮ್ಮೂರಿನ ಕೆರೆಯಲ್ಲಿ ಇಂಥ ಮೀನು ಬಲೆಗೆ ಬಿದ್ದಿದ್ದರೆ ಫೋಟೊ, ಕೆರೆಯ ಹೆಸರು, ಸಿಕ್ಕ ದಿನ ಬರೆದು ನಮಗೆ ಕಳುಹಿಸಿ. ಯಾವ ಕೆರೆಗೆ ಯಾವುದು ಬಂದಿದೆ ಎಂಬ ಪಟ್ಟಿಯನ್ನು ನಾವೆಲ್ಲ ಸೇರಿಯೇ ಮಾಡಬೇಕು.