ಒಂಟಿ ಹಳಿಯ ಇಬ್ಬದಿ ಸಂಚಾರ

1915ರಲ್ಲಿ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳನ್ನು ಜೋಡಿಸಿದ ಎರಡೂವರೆ ಅಡಿ ಅಗಲದ ರೈಲುದಾರಿಗೆ ಇದ್ದದ್ದು ಒಂಟಿ ಹಳಿ. ಹೋಗುವ ರೈಲಿಗೂ ಬರುವ ರೈಲಿಗೂ ಅದೇ ಗತಿ. 1890ರ ದಶಕದಲ್ಲಿ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಹಾಕಿದ ಮೀಟರ್‌ಗೇಜ್ ದಾರಿಯೂ ಹೀಗೆಯೇ ಇತ್ತು. ಕಂಪ್ಯೂಟರ್ ಜಾಲ ಕಟ್ಟುವವರು ಇಂಥ ದಾರಿಯನ್ನು ಹಾಫ್ ಡ್ಯೂಪ್ಲೆಕ್ಸ್ ಎನ್ನುತ್ತಾರೆ: ಎರಡೂ ಕಡೆಗೆ ಸಾಗಬಹುದು, ಆದರೆ ಸರದಿಯ ಮೇಲೆ. ವಾಕಿಟಾಕಿಯಲ್ಲಿ ಒಬ್ಬರು ‘ಓವರ್’ ಎಂದ ಮೇಲೆ ಇನ್ನೊಬ್ಬರು ಮಾತಾಡುವ ಹಾಗೆ. ಇಷ್ಟರಲ್ಲೇ ಈ ದಾರಿಗಳು ದಶಕಗಟ್ಟಲೆ ಏಕಕಾಲಕ್ಕೆ ಇಬ್ಬದಿಯ ಸಂಚಾರ ನಡೆಸಿದವು. ಆ ಶ್ರೇಯಸ್ಸು ದಾರಿಯನ್ನು ತುಂಡು ಮಾಡಿದ ಬಗೆಗೆ ಸಲ್ಲಬೇಕೆಂಬುದು ನನ್ನ ವಾದ.

ಎರಡು ಸ್ಟೇಷನ್‌ಗಳ ನಡುವಿನ ಒಂದು ತುಂಡಿಗೆ ಒಮ್ಮೆಗೆ ಒಂದೇ ರೈಲು. ಭಾರತದ ಏಕಮಾರ್ಗಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ನೀಲ್ಸ್ ಟೋಕನ್ ಯಂತ್ರ ಈ ನಿಯಮವನ್ನು ಕೈಗೆ ಸಿಗುವ ವಸ್ತುವಾಗಿಸಿತ್ತು. ಎರಡೂ ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿ, ಒಳಗೆ ಲೋಹದ ಗುಂಡುಗಳು. ಗಂಟೆ ಬಾರಿಸಿ ಕೇಳಿದಾಗ ಆಚೆಯ ಸ್ಟೇಷನ್ ಮಾಸ್ಟರು ಒಪ್ಪಿದರೆ ಈಚೆ ಒಂದು ಗುಂಡು ಹೊರಬರುತ್ತದೆ. ಅದು ಎರಡರಲ್ಲೊಂದು ಯಂತ್ರಕ್ಕೆ ಮರಳುವ ತನಕ ಇನ್ನೊಂದು ಬಾರದು. ಚೀಲದಲ್ಲಿಟ್ಟ ಗುಂಡನ್ನು ದೊಡ್ಡ ಬಳೆಗೆ ಕಟ್ಟಿ ಎತ್ತಿ ಹಿಡಿದರೆ, ಎಂಜಿನ್ನಿನವರು ಬಳೆಯೊಳಗೆ ತೋಳು ತೂರಿಸಿ, ಓಡುವ ಗಾಡಿಯಿಂದಲೇ ಸೆಳೆದುಕೊಳ್ಳುತ್ತಿದ್ದರು.

ಇದು ಬರೀ ಸರದಿ, ಏಕಕಾಲದ ಸಂಚಾರ ಎಲ್ಲಿ ಬಂತು ಎಂದು ಕೇಳಬಹುದು. ಒಂದು ತುಂಡನ್ನಷ್ಟೇ ನೋಡಿದರೆ ಆಕ್ಷೇಪ ಸರಿ. ಇಡೀ ದಾರಿಯನ್ನು ನೋಡಿದಾಗ ಚಿತ್ರ ಬದಲಾಗುತ್ತದೆ: ಯಲಹಂಕದಿಂದ ಒಂದು ರೈಲು ಬಡಗಣಕ್ಕೆ ಹೊರಟ ಗಳಿಗೆಯಲ್ಲೇ ಚಿಕ್ಕಬಳ್ಳಾಪುರದಿಂದ ಇನ್ನೊಂದು ತೆಂಕಣಕ್ಕೆ ಹೊರಡಬಹುದು, ನಡುವಿನ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ, ಅಂದರೆ ಲೂಪ್ ಲೈನಿನಲ್ಲಿ, ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಟ್ಟು ಕ್ರಾಸಿಂಗ್ ಆಗುತ್ತದೆ. ಮಾಹಿತಿಯನ್ನು ಕ್ಷಣಕಾಲ ಹಿಡಿದಿಟ್ಟು ಮುಂದಕ್ಕೆ ಕಳಿಸುವ ಸ್ವಿಚ್ಚಿನ ಮೆಮೊರಿ ಮಾಡುವುದೂ ಲೂಪ್ ಲೈನಿನ ಕೆಲಸವನ್ನೇ. ವೈಫೈ ಕೂಡ ಒಂದೇ ಚಾನೆಲ್ಲಿನಲ್ಲಿ ಸರದಿ ಹಂಚುತ್ತದೆ. ಹಂಚಿಕೆಯ ವೇಗಕ್ಕೆ ವಿಡಿಯೊ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದಂತೆ ಅನಿಸುತ್ತದೆ. ಟೆಲಿಗ್ರಾಫ್ 19ನೇ ಶತಮಾನದಲ್ಲೇ ಇನ್ನೂ ಮುಂದೆ ಹೋಗಿತ್ತು. ತಾನು ಕಳಿಸಿದ ಸಂಕೇತ ತನ್ನ ಗ್ರಾಹಕಕ್ಕೆ ತಟ್ಟದಂತೆ ಮಾಡಿ, ಒಂದೇ ತಂತಿಯ ಮೇಲೆ ಎದುರುಬದುರು ಸುದ್ದಿ ಸಾಗಿಸಿತು. ವಿದ್ಯುತ್ತಿಗೆ ಅದು ಸಾಧ್ಯ. ಎರಡು ಎಂಜಿನ್‌ಗಳು ಒಂದರೊಳಗೊಂದು ಹಾಯಲಾರವು.

ಹಳಿಯ ಈ ಸರದಿಯ ಬೆಲೆಯನ್ನು ತೆತ್ತವರು ಪ್ರಯಾಣಿಕರು. ಎದುರಿನ ಗಾಡಿ ತಡವಾದರೆ ತಮ್ಮದೂ ‘ಕ್ರಾಸಿಂಗ್‌ಗೆ’ ನಿಲ್ಲಬೇಕು, ಆ ವಿಳಂಬ ಮುಂದಿನ ಸ್ಟೇಷನ್ನಿಗೂ ದಾಟುತ್ತದೆ. ಗಾಡಿಗಳು ಹೆಚ್ಚಿದಂತೆ ಜಾಣತನದ ಹಂಚಿಕೆಯೂ ಸಾಲದಾಗಿ ದೊಡ್ಡಬಳ್ಳಾಪುರದ ದಾರಿ ಜೋಡಿಹಳಿಯಾಯಿತು. ದೇವನಹಳ್ಳಿಯ ದಾರಿ ಮಾತ್ರ ಬ್ರಾಡ್‌ಗೇಜ್ ಆದ ಮೇಲೂ ಏಕಮಾರ್ಗವಾಗಿ ಉಳಿಯಿತು. 2021ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಹಾಲ್ಟ್ ತೆರೆದದ್ದೂ ಆ ಒಂಟಿ ಹಳಿಯ ಪಕ್ಕದಲ್ಲೇ.